ಮಂಡಿನೋವಿಗೆ ಫ್ಲೇವನಾಯ್ಡ್: ತಟ್ಟೆಯಿಂದ ಮಾತ್ರೆಯವರೆಗೆ, ಹಂತ ಹಂತವಾಗಿ

ಈರುಳ್ಳಿ ಸಿಪ್ಪೆ ಕುದಿಸಿ ಕುಡಿದರೆ ಕೀಲುನೋವು ಕಡಿಮೆಯಾಗುತ್ತದೆಯೇ? ಕ್ವೆರ್ಸೆಟಿನ್ ಮಾತ್ರೆ ಎಷ್ಟು ಮಿಲಿಗ್ರಾಂ ತೆಗೆದುಕೊಳ್ಳಬೇಕು? ನೋವಿನ ಮಾತ್ರೆ ಬಿಟ್ಟು ಇದನ್ನೇ ನುಂಗಬಹುದೇ? ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೊನೆಯದಕ್ಕೆ ಉತ್ತರ ಈಗಲೇ ಹೇಳಿಬಿಡುತ್ತೇವೆ: ವೈದ್ಯರು ಬರೆದುಕೊಟ್ಟ ಔಷಧಿ ಬಿಡಬೇಡಿ. ಈರುಳ್ಳಿಯ ಕ್ವೆರ್ಸೆಟಿನ್‌ನಂಥ, ಸಸ್ಯಗಳಲ್ಲಿರುವ ಫ್ಲೇವನಾಯ್ಡ್ ಎಂಬ ರಾಸಾಯನಿಕಗಳಿಗೆ ಉರಿಯೂತ ತಗ್ಗಿಸುವ ಗುಣ ಇದೆ ಎಂಬುದಕ್ಕೆ ಪ್ರಯೋಗಾಲಯದಲ್ಲಿ ರಾಶಿ ಪುರಾವೆ ಇದೆ. ಆದರೆ ಪ್ರಯೋಗದ ಇಲಿಯ ಪಾದಕ್ಕೂ ನಿಮ್ಮ ಮಂಡಿಗೂ ನಡುವೆ ದೊಡ್ಡ ಅಂತರವಿದೆ. ಆ ಅಂತರವನ್ನು ತಿಳಿದುಕೊಂಡೇ ಮುಂದೆ ಹೋಗುವ ಕ್ರಮ ಇಲ್ಲಿದೆ.

ಶುರುಮಾಡುವ ಮುನ್ನ ಇಷ್ಟು ಕೈಗೆ ಸಿಗುವಂತಿರಲಿ: ಒಂದು ನೋಟ್‌ಬುಕ್, ಸದ್ಯ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳ ಪಟ್ಟಿ (ಬಿಪಿ, ಶುಗರ್, ಥೈರಾಯ್ಡ್ ಮಾತ್ರೆ, ಕಷಾಯ, ಲೇಹ್ಯ ಎಲ್ಲ ಸೇರಿ), ಇತ್ತೀಚಿನ ರಕ್ತಪರೀಕ್ಷೆಯ ವರದಿ. ಇದೆಲ್ಲಕ್ಕಿಂತ ಹೆಚ್ಚಾಗಿ ಹತ್ತು ವಾರಗಳ ತಾಳ್ಮೆ ಬೇಕು.

ಹಂತ 1: ನೋವು ಯಾವ ಬಗೆಯದು ಎಂದು ತಿಳಿದುಕೊಳ್ಳಿ

ಪೆಟ್ಟು, ಸವೆತ, ಸೋಂಕು ಅಥವಾ ದೇಹದ ರೋಗನಿರೋಧಕ ವ್ಯವಸ್ಥೆಯೇ ತಿರುಗಿಬಿದ್ದ ಜಾಗದಲ್ಲಿ ಕೆಂಪು, ಬಿಸಿ, ಊತ, ನೋವು ಕಾಣಿಸಿಕೊಳ್ಳುತ್ತದೆ. ಇದೇ ಉರಿಯೂತ. ಅಲ್ಲಿ ಕಾಕ್ಸ್-2 ಎಂಬ ಕಿಣ್ವ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ತಯಾರಿಸುತ್ತದೆ. ಅದು ನರತುದಿಗಳನ್ನು ಸೂಕ್ಷ್ಮವಾಗಿಸುವುದರಿಂದ, ಮಾಮೂಲಿ ಹೊತ್ತಿನಲ್ಲಿ ಗೊತ್ತೇ ಆಗದ ಒತ್ತಡವೂ ನೋಯುತ್ತದೆ. ಆಸ್ಪಿರಿನ್ ಬಗೆಯ ಮಾತ್ರೆಗಳು ಪ್ರೋಸ್ಟಗ್ಲಾಂಡಿನ್ ತಯಾರಿಕೆಯನ್ನೇ ತಡೆಯುತ್ತವೆ ಎಂದು ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರಲ್ಲಿ ಅವರಿಗೆ ನೊಬೆಲ್ ಬಂತು.

ಸೊಂಟದಿಂದ ಕಾಲಿಗೆ ಇಳಿಯುವ ಶಾಕ್ ಹೊಡೆದಂಥ ನೋವು, ಸಕ್ಕರೆ ಕಾಯಿಲೆಯಿಂದ ಅಂಗಾಲು ಉರಿಯುವುದು ಇವು ನರದ ನೋವುಗಳು. ಈ ಲೇಖನ ಅವುಗಳ ಬಗ್ಗೆ ಅಲ್ಲ.

ಮುಂದಿನ ಲಕ್ಷಣಗಳಿದ್ದರೆ ಇಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಒಂದೇ ಕೀಲು ಏಕಾಏಕಿ ಊದಿ, ಬಿಸಿಯಾಗಿ, ಜೊತೆಗೆ ಜ್ವರ ಬಂದರೆ ಕೀಲಿನೊಳಗೆ ಸೋಂಕು ಇರಬಹುದು. ಅದಕ್ಕೆ ಅದೇ ದಿನ ಚಿಕಿತ್ಸೆ ಆಗಬೇಕು, ತಡವಾದರೆ ಮೃದ್ವಸ್ಥಿ ಹಾಳಾಗುತ್ತದೆ. ಬೆಳಿಗ್ಗೆ ಎದ್ದಾಗ ಕೈಬೆರಳಿನ ಗೆಣ್ಣುಗಳು ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಗಿಯಾಗಿರುವುದು, ಎರಡೂ ಕೈಗಳಲ್ಲಿ ಒಂದೇ ರೀತಿ ಊತ ಇರುವುದು ರುಮಟಾಯ್ಡ್ ಆರ್ಥ್ರೈಟಿಸ್‌ನ (ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ) ಸೂಚನೆ. ಇದಕ್ಕೆ ಮೆಥೊಟ್ರೆಕ್ಸೇಟ್‌ನಂಥ ಔಷಧಿಯನ್ನು ಬೇಗ ಶುರುಮಾಡಿದಷ್ಟೂ ಕೀಲುಗಳು ಉಳಿಯುತ್ತವೆ. ಗಿಡಮೂಲಿಕೆ ಪ್ರಯತ್ನಿಸುತ್ತಾ ಆರು ತಿಂಗಳು ಕಳೆದವರ ಕೀಲು ಅಷ್ಟರಲ್ಲಿ ಸೊಟ್ಟಗಾಗಿರಬಹುದು, ಅದನ್ನು ಹಿಂದಕ್ಕೆ ತರಲಾಗುವುದಿಲ್ಲ.

ಹಂತ 2: ಯಾವುದು ಫ್ಲೇವನಾಯ್ಡ್, ಯಾವುದಲ್ಲ

ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ. ಅರಿಶಿನದ ಕರ್ಕ್ಯುಮಿನ್ ಫ್ಲೇವನಾಯ್ಡ್ ಅಲ್ಲ. ಶುಂಠಿಯ ಜಿಂಜೆರಾಲ್ ಅಲ್ಲ. ದ್ರಾಕ್ಷಿಯ ರೆಸ್ವೆರಟ್ರಾಲ್ ಕೂಡ ಅಲ್ಲ. ಇವೆಲ್ಲ ಪಾಲಿಫೀನಾಲ್ ಅಥವಾ ಫೀನಾಲ್ ಬಳಗಕ್ಕೆ ಸೇರಿದ ಬೇರೆ ಬೇರೆ ಕವಲುಗಳು. ಎರಡು ಬೆಂಜೀನ್ ಉಂಗುರಗಳನ್ನು ಮೂರು ಇಂಗಾಲದ ಕೊಂಡಿ ಸೇರಿಸುವ, ಒಟ್ಟು 15 ಇಂಗಾಲಗಳ ಚೌಕಟ್ಟು ಇದ್ದರೆ ಮಾತ್ರ ಅದು ಫ್ಲೇವನಾಯ್ಡ್. ಅರಿಶಿನದ ಮೇಲೆ ನಡೆದ ಪ್ರಯೋಗದ ಫಲಿತಾಂಶ ತೋರಿಸಿ ಈರುಳ್ಳಿ ಮಾತ್ರೆ ಮಾರುವವರಿದ್ದಾರೆ, ಹಾಗಾಗಿ ಈ ವ್ಯತ್ಯಾಸ ಗೊತ್ತಿರಬೇಕು.

ನೋವಿನ ವಿಚಾರದಲ್ಲಿ ಪದೇಪದೇ ಕೇಳಿಬರುವ ಹೆಸರುಗಳು ಇವು. ಈರುಳ್ಳಿ, ನುಗ್ಗೆಸೊಪ್ಪು, ಸಬ್ಬಸಿಗೆ, ಕೊತ್ತಂಬರಿಯಲ್ಲಿ ಕ್ವೆರ್ಸೆಟಿನ್. ಕಿತ್ತಳೆ, ಮೂಸಂಬಿಯಲ್ಲಿ ಹೆಸ್ಪೆರಿಡಿನ್. ಚಹಾ, ಕಾಚಿನಲ್ಲಿ ಕೆಟೆಚಿನ್‌ಗಳು. ಸೋಯಾದಲ್ಲಿ ಜೆನಿಸ್ಟೀನ್. ನೇರಳೆ, ಚೆರ್ರಿಯ ಗಾಢ ಬಣ್ಣಕ್ಕೆ ಕಾರಣವಾದ ಆಂಥೊಸಯನಿನ್.

ಇವು ಕೆಲಸ ಮಾಡುವ ಬಗೆ ಮಾತ್ರೆಗಿಂತ ಬೇರೆ. ಐಬುಪ್ರೊಫೆನ್ ನೇರವಾಗಿ ಕಾಕ್ಸ್ ಕಿಣ್ವವನ್ನು ಹಿಡಿಯುತ್ತದೆ. ಕ್ವೆರ್ಸೆಟಿನ್‌ನಂಥವು ಪ್ರಯೋಗಾಲಯದ ಜೀವಕೋಶಗಳಲ್ಲಿ ಇನ್ನೂ ಮೇಲಿನ ಹಂತದಲ್ಲಿ, ಎನ್‌ಎಫ್-ಕಪ್ಪಾ-ಬಿ ಎಂಬ ಸ್ವಿಚ್ ಮೇಲೆ ಪರಿಣಾಮ ತೋರಿಸುತ್ತವೆ. ಕಾಕ್ಸ್-2, ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್‌ಗಳಂಥ ಉರಿಯೂತದ ಸರಕನ್ನೆಲ್ಲ ತಯಾರಿಸಲು ಜೀನ್‌ಗಳಿಗೆ ಅಪ್ಪಣೆ ಕೊಡುವುದು ಈ ಸ್ವಿಚ್ಚೇ. ಆದ್ದರಿಂದ ನೋವು ಬಂದಾಗ ಒಂದು ನುಂಗುವ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಪರಿಣಾಮ ಇದ್ದರೆ ಅದು ವಾರಗಳ ಲೆಕ್ಕದಲ್ಲಿ ಕಾಣಬೇಕು.

ಹಂತ 3: ಸುದ್ದಿಯಲ್ಲಿ ಬಂದ ಸಂಶೋಧನೆಯನ್ನು ಜರಡಿ ಹಿಡಿಯಿರಿ

"ಈ ಸೊಪ್ಪಿನ ಸಾರ ನೋವು ನಿವಾರಕ" ಎಂಬ ಸುದ್ದಿ ಕಂಡಾಗ ಮೂರು ವಿಷಯ ನೋಡಿ.

ಮೊದಲನೆಯದು, ಪ್ರಯೋಗ ನಡೆದದ್ದು ಯಾರ ಮೇಲೆ? ಬಹುಪಾಲು ಪ್ರಯೋಗಗಳು ಕ್ಯಾರಜೀನನ್ ಪಾದ-ಊತದ ಮಾದರಿಯಲ್ಲಿ ನಡೆಯುತ್ತವೆ. 1962ರಿಂದ ಬಳಕೆಯಲ್ಲಿರುವ ವಿಧಾನ ಇದು. ಕೆಂಪು ಕಡಲಕಳೆಯಿಂದ ತೆಗೆದ ಕ್ಯಾರಜೀನನ್‌ನ ಶೇ 1ರ ದ್ರಾವಣವನ್ನು ಇಲಿಯ ಹಿಂಗಾಲಿನ ಪಾದಕ್ಕೆ 0.1 ಮಿಲಿಲೀಟರ್ ಚುಚ್ಚಿ, ಮುಂದಿನ ಕೆಲವು ಗಂಟೆ ಊತವನ್ನು ಅಳೆಯುತ್ತಾರೆ. ಗಮನಿಸಬೇಕಾದದ್ದು ಒಂದಿದೆ. ಸಸ್ಯಸಾರವನ್ನು ಸಾಮಾನ್ಯವಾಗಿ ಊತ ಬರಿಸುವುದಕ್ಕಿಂತ ಅರ್ಧ-ಒಂದು ಗಂಟೆ ಮೊದಲೇ ಕೊಟ್ಟಿರುತ್ತಾರೆ. ನಿಮ್ಮ ಮಂಡಿಯಾದರೋ ವರ್ಷಗಳಿಂದ ಊದಿದೆ. ಬರಲಿರುವ ಊತವನ್ನು ತಡೆಯುವುದು ಬೇರೆ, ಬೇರೂರಿದ್ದನ್ನು ಇಳಿಸುವುದು ಬೇರೆ.

ಎರಡನೆಯದು, ಕೊಟ್ಟದ್ದು ಬಾಯಿಯ ಮೂಲಕವೋ, ಹೊಟ್ಟೆಯೊಳಗೆ ಚುಚ್ಚುಮದ್ದಿನ ಮೂಲಕವೋ? ನಾವು ತಿಂದ ಕ್ವೆರ್ಸೆಟಿನ್ ಕರುಳಿನ ಗೋಡೆ ಮತ್ತು ಲಿವರ್ ದಾಟುವಷ್ಟರಲ್ಲಿ ಗ್ಲುಕ್ಯುರೊನೈಡ್, ಸಲ್ಫೇಟ್ ರೂಪಕ್ಕೆ ಬದಲಾಗಿರುತ್ತದೆ. ಶುದ್ಧ ರೂಪದಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ. ಪ್ರಯೋಗಾಲಯದ ತಟ್ಟೆಯಲ್ಲಿ ಜೀವಕೋಶಗಳ ಮೇಲೆ 10ರಿಂದ 50 ಮೈಕ್ರೊಮೋಲಾರ್ (ದ್ರಾವಣದ ಸಾಂದ್ರತೆಯ ಅಳತೆ) ಸುರಿಯುತ್ತಾರೆ. ಈರುಳ್ಳಿ ಊಟದ ನಂತರ ರಕ್ತದಲ್ಲಿ ಸಾಮಾನ್ಯವಾಗಿ 1 ಮೈಕ್ರೊಮೋಲಾರ್ ಕೂಡ ಇರುವುದಿಲ್ಲ.

ಮೂರನೆಯದು ಡೋಸ್. ಇಲ್ಲಿ ಜನ ಅಪಾಯಕಾರಿ ತಪ್ಪು ಮಾಡುತ್ತಾರೆ. ಸುಂಡಿಲಿಗೆ ಪ್ರತಿ ಕಿಲೊ ತೂಕಕ್ಕೆ 50 ಮಿಲಿಗ್ರಾಂ ಕೊಟ್ಟರು ಎಂದು ಓದಿ, 60 ಕಿಲೊ ತೂಕದವರು 50 × 60 = 3000 ಮಿಲಿಗ್ರಾಂ ಎಂದು ಗುಣಿಸುತ್ತಾರೆ. ಚಿಕ್ಕ ಪ್ರಾಣಿಯ ಚಯಾಪಚಯ ತುಂಬ ವೇಗ. ಅದಕ್ಕಾಗಿ ಸುಂಡಿಲಿಯ ಡೋಸನ್ನು 12.3ರಿಂದ, ದೊಡ್ಡ ಇಲಿಯ ಡೋಸನ್ನು 6.2ರಿಂದ ಭಾಗಿಸಬೇಕು. 50 ÷ 12.3 ಎಂದರೆ ಕಿಲೊಗೆ ಸುಮಾರು 4 ಮಿಲಿಗ್ರಾಂ, 60 ಕಿಲೊಗೆ ಸುಮಾರು 244 ಮಿಲಿಗ್ರಾಂ. ಇದು ಕೂಡ ಮನುಷ್ಯರ ಮೇಲಿನ ಮೊದಲ ಪ್ರಯೋಗವನ್ನು ರೂಪಿಸುವವರು ಬಳಸುವ ಅಂದಾಜು, ನಿಮಗೆ ಬರೆದುಕೊಟ್ಟ ಚೀಟಿ ಅಲ್ಲ.

ಹಾಗಾದರೆ ಮನುಷ್ಯರ ಮೇಲೆ ಏನೂ ಇಲ್ಲವೇ? ಇದೆ, ಕಡಿಮೆ ಇದೆ. 2017ರಲ್ಲಿ ಪ್ರಕಟವಾದ ಇರಾನಿನ ಒಂದು ಪ್ರಯೋಗದಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಇದ್ದ 50 ಮಹಿಳೆಯರಲ್ಲಿ ಒಂದು ಗುಂಪಿಗೆ ದಿನಕ್ಕೆ 500 ಮಿಲಿಗ್ರಾಂ ಕ್ವೆರ್ಸೆಟಿನ್, ಇನ್ನೊಂದಕ್ಕೆ ಹುಸಿಮಾತ್ರೆ ಎಂಟು ವಾರ ಕೊಟ್ಟರು. ಕ್ವೆರ್ಸೆಟಿನ್ ಪಡೆದವರಲ್ಲಿ ಬೆಳಗಿನ ಬಿಗಿತ, ಬೆಳಗಿನ ನೋವು, ಕೆಲಸದ ನಂತರದ ನೋವು ತಗ್ಗಿದವು. ಭರವಸೆ ಹುಟ್ಟಿಸುವ ಫಲಿತಾಂಶವೇ. ಆದರೆ ಗುಂಪು ಚಿಕ್ಕದು, ಅವಧಿ ಚಿಕ್ಕದು, ಕಾಯಿಲೆ ರುಮಟಾಯ್ಡ್. ವಯಸ್ಸಿನಿಂದ ಸವೆದ ಮಂಡಿಗೆ ಇದನ್ನೇ ಹೊಂದಿಸಲಾಗದು. ಗೌಟ್ (ಯೂರಿಕ್ ಆಮ್ಲದಿಂದ ಬರುವ ಕೀಲುನೋವು) ಇರುವ 633 ಜನರ 2012ರ ಅಧ್ಯಯನವೊಂದರಲ್ಲಿ, ಎರಡು ದಿನಗಳ ಅವಧಿಯಲ್ಲಿ ಚೆರ್ರಿ ತಿಂದವರಿಗೆ ನೋವು ಮರುಕಳಿಸುವ ಅಪಾಯ ಶೇ 35ರಷ್ಟು ಕಡಿಮೆ ಕಂಡಿತು. ಅದು ತಿಂದ ದಿನಗಳನ್ನೂ ತಿನ್ನದ ದಿನಗಳನ್ನೂ ಹೋಲಿಸಿ ನೋಡಿದ್ದು, ಮದ್ದು ಕೊಟ್ಟು ಪರೀಕ್ಷಿಸಿದ್ದಲ್ಲ. ನೇರಳೆಯಲ್ಲೂ ಅದೇ ಬಣ್ಣ ಇದೆ ಎಂದು ಆ ಶೇ 35ನ್ನು ನೇರಳೆಗೆ ಹೊರಿಸಬೇಡಿ.

ಫ್ಲೇವನಾಯ್ಡ್ ನಿಜಕ್ಕೂ ಔಷಧಿಯಾಗಿ ನೆಲೆಯೂರಿರುವುದು ಬೇರೆ ಕಡೆ, ಮೂಲವ್ಯಾಧಿ ಮತ್ತು ಕಾಲಿನ ಅಭಿಧಮನಿಗಳ ತೊಂದರೆಯಲ್ಲಿ. 450 ಮಿಲಿಗ್ರಾಂ ಡಯೋಸ್ಮಿನ್ ಎಂಬ ಫ್ಲೇವನಾಯ್ಡ್, 50 ಮಿಲಿಗ್ರಾಂ ಹೆಸ್ಪೆರಿಡಿನ್ ಸೇರಿದ ಮಾತ್ರೆಯನ್ನು ಮೂಲವ್ಯಾಧಿ ಕೆರಳಿದಾಗ ಮೊದಲ 4 ದಿನ ದಿನಕ್ಕೆ 6, ನಂತರದ 3 ದಿನ ದಿನಕ್ಕೆ 4ರಂತೆ ಕೊಡುವುದು ರೂಢಿ. ವೈದ್ಯರು ಅಲ್ಲಿ ಬರೆದುಕೊಟ್ಟಾಗ ಹಿಂಜರಿಯಬೇಡಿ. ಮನೆಯಲ್ಲಿ ಮಿಕ್ಕಿದ ಅದೇ ಮಾತ್ರೆಯನ್ನು ಮಂಡಿನೋವಿಗೆ ನುಂಗಬೇಡಿ.

ಹಂತ 4: ಊಟದಿಂದ ಶುರುಮಾಡಿ

ಇದು ಎಲ್ಲರೂ ಮಾಡಬಹುದಾದ ಹಂತ, ಇಲ್ಲಿ ಖರ್ಚೂ ಕಡಿಮೆ ಅಪಾಯವೂ ಕಡಿಮೆ.

ಈರುಳ್ಳಿಯ ಮೇಲಿನ ಒಣ ಪೊರೆಯನ್ನು ಮಾತ್ರ ತೆಗೆಯಿರಿ. ಅದರ ಕೆಳಗಿನ ಮೊದಲ ರಸಭರಿತ ಪದರವನ್ನು ಗಟ್ಟಿ ಎಂದು ಕಿತ್ತೆಸೆಯುವುದು ನಮ್ಮ ಅಡುಗೆಮನೆಗಳ ಅಭ್ಯಾಸ. ಕ್ವೆರ್ಸೆಟಿನ್ ಹೊರಪದರಗಳಲ್ಲೇ ದಟ್ಟವಾಗಿರುತ್ತದೆ, ಒಳಗೆ ಹೋದಂತೆ ಇಳಿಯುತ್ತದೆ. ಬಿಳಿ ಈರುಳ್ಳಿಗಿಂತ ಕೆಂಪು ಮೇಲು. ಬಾಣಲೆಯಲ್ಲಿ ಹದವಾಗಿ ಬಾಡಿಸಿದರೆ ನಷ್ಟ ಕಡಿಮೆ. ಕುದಿಸಿದರೆ ಒಂದು ಭಾಗ ನೀರಿಗೆ ಇಳಿಯುತ್ತದೆ. ಸಾರು, ಹುಳಿಯಲ್ಲಿ ಆ ನೀರನ್ನೂ ಉಣ್ಣುತ್ತೇವಾದ್ದರಿಂದ ಚಿಂತೆಯಿಲ್ಲ. ಸೊಪ್ಪು ಬೇಯಿಸಿ ನೀರು ಬಸಿದು ಚೆಲ್ಲುವವರು ಮಾತ್ರ ಆ ನೀರನ್ನು ಬಸ್ಸಾರಿಗೆ ಬಳಸಿ.

ಈರುಳ್ಳಿಯೇ ಏಕೆ ಎಂದರೆ, ಅದರಲ್ಲಿ ಕ್ವೆರ್ಸೆಟಿನ್ ಗ್ಲೂಕೋಸಿಗೆ ಅಂಟಿಕೊಂಡಿರುತ್ತದೆ. ಆ ರೂಪವನ್ನು ಸಣ್ಣಕರುಳು ಚೆನ್ನಾಗಿ ಹೀರಿಕೊಳ್ಳುತ್ತದೆ. 1995ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಅಳೆದು ನೋಡಿದಾಗ ಈರುಳ್ಳಿಯದು ಶೇ 52, ಶುದ್ಧ ಕ್ವೆರ್ಸೆಟಿನ್‌ನದು ಶೇ 24, ರೂಟಿನ್‌ನದು (ಬೇರೆ ಸಕ್ಕರೆಗೆ ಅಂಟಿಕೊಂಡ ಕ್ವೆರ್ಸೆಟಿನ್) ಶೇ 17ರಷ್ಟು ಹೀರಲ್ಪಟ್ಟಿತ್ತು. ರೂಟಿನ್, ಹೆಸ್ಪೆರಿಡಿನ್‌ಗಳು ದೊಡ್ಡಕರುಳಿನವರೆಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾ ಸಕ್ಕರೆಯ ಭಾಗವನ್ನು ಕಳಚಿದ ಮೇಲೆ ಒಳಸೇರುತ್ತವೆ. ಊಟದಲ್ಲಿ ಸ್ವಲ್ಪ ಎಣ್ಣೆ ಅಥವಾ ತುಪ್ಪ ಇದ್ದರೆ ಕ್ವೆರ್ಸೆಟಿನ್ ಇನ್ನಷ್ಟು ಚೆನ್ನಾಗಿ ಸೇರುತ್ತದೆ.

ಸಬ್ಬಸಿಗೆ ಮತ್ತು ಕೊತ್ತಂಬರಿ ಸೊಪ್ಪಿನಲ್ಲಿ ತೂಕಕ್ಕೆ ತೂಕ ಹೋಲಿಸಿದರೆ ಈರುಳ್ಳಿಗಿಂತ ಹೆಚ್ಚು, ಹಸಿಸೊಪ್ಪಿನ 100 ಗ್ರಾಂನಲ್ಲಿ ಸುಮಾರು 50 ಮಿಲಿಗ್ರಾಂ ಕ್ವೆರ್ಸೆಟಿನ್ ಇರುತ್ತದೆ. ಅಲಂಕಾರಕ್ಕೆ ಉದುರಿಸುವ ನಾಲ್ಕು ಎಲೆ ಲೆಕ್ಕಕ್ಕೆ ಬರುವುದಿಲ್ಲ. ಚಟ್ನಿ ಅರೆಯಿರಿ, ಸಬ್ಬಸಿಗೆ ಪಲ್ಯ ಮಾಡಿ, ಅಕ್ಕಿರೊಟ್ಟಿಗೆ ಹಿಡಿ ತುಂಬ ಕಲಸಿ. ಕಿತ್ತಳೆ, ಮೂಸಂಬಿಯನ್ನು ರಸ ಹಿಂಡಿ ಸೋಸದೆ ತೊಳೆಯಾಗಿ ತಿನ್ನಿ. ಹೆಸ್ಪೆರಿಡಿನ್ ಇರುವುದು ಹೆಚ್ಚಾಗಿ ಬಿಳಿ ನಾರು, ಪೊರೆಗಳಲ್ಲಿ.

ಈಗ ಲೆಕ್ಕ. ಕೆಂಪು ಈರುಳ್ಳಿಯ 100 ಗ್ರಾಂನಲ್ಲಿ 30ರಿಂದ 40 ಮಿಲಿಗ್ರಾಂ ಎಂದಿಟ್ಟುಕೊಂಡರೆ, ಆ ಇರಾನಿ ಪ್ರಯೋಗದ 500 ಮಿಲಿಗ್ರಾಂ ಮುಟ್ಟಲು ದಿನಕ್ಕೆ ಒಂದೂಕಾಲು ಕಿಲೊಗೂ ಹೆಚ್ಚು ಈರುಳ್ಳಿ ಬೇಕು. ಆಗದ ಮಾತು. ಊಟದ ಫ್ಲೇವನಾಯ್ಡ್ ಆರೋಗ್ಯಕ್ಕೆ ಒಳ್ಳೆಯದು, ಅದು ನೋವಿನ ಚಿಕಿತ್ಸೆಯ ಡೋಸ್ ಅಲ್ಲ.

ಎರಡು ಎಚ್ಚರಿಕೆ. ಊಟದ ಜೊತೆಗೇ ಚಹಾ ಕುಡಿದರೆ ಅದರ ಕೆಟೆಚಿನ್, ಟ್ಯಾನಿನ್‌ಗಳು ಸೊಪ್ಪು, ರಾಗಿ, ಕಾಳುಗಳ ಕಬ್ಬಿಣಾಂಶ ದೇಹಕ್ಕೆ ಸೇರದಂತೆ ತಡೆಯುತ್ತವೆ. ರಕ್ತಹೀನತೆ ಇರುವವರು ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರ ಇಡಿ. ಇನ್ನು ಈರುಳ್ಳಿ ಸಿಪ್ಪೆಯ ಕಷಾಯ. ಸಿಪ್ಪೆಯಲ್ಲಿ ಕ್ವೆರ್ಸೆಟಿನ್ ಹೇರಳವಾಗಿದೆ ಎಂಬುದು ನಿಜ. ಆದರೆ ಮಣ್ಣು, ಕೀಟನಾಶಕದ ಉಳಿಕೆ, ದಾಸ್ತಾನಿನಲ್ಲಿ ಹಿಡಿಯುವ ಕಪ್ಪು ಬೂಷ್ಟು ಎಲ್ಲವೂ ಇರುವುದು ಅದೇ ಸಿಪ್ಪೆಯ ಮೇಲೆ. ಒಂದೊಂದು ಸಲ ಒಂದೊಂದು ಪ್ರಮಾಣ ಇಳಿಯುತ್ತದೆ, ಅಳತೆಗೆ ಸಿಗುವುದಿಲ್ಲ. ಇದನ್ನು ನಾವು ಸಲಹೆ ಮಾಡುವುದಿಲ್ಲ.

ಹಂತ 5: ಮಾತ್ರೆಯ ಯೋಚನೆ ಇದ್ದರೆ ಔಷಧಿ ಪಟ್ಟಿಯನ್ನು ಮುಂದಿಟ್ಟುಕೊಳ್ಳಿ

ಕೆಳಗಿನವರು ವೈದ್ಯರ ಒಪ್ಪಿಗೆ ಇಲ್ಲದೆ ಫ್ಲೇವನಾಯ್ಡ್ ಮಾತ್ರೆ ಮುಟ್ಟಬಾರದು:

• ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ತೆಗೆದುಕೊಳ್ಳುವವರು.
• ಕಿಡ್ನಿ, ಲಿವರ್ ಕಸಿ ಆಗಿ ಸೈಕ್ಲೋಸ್ಪೊರಿನ್, ಟ್ಯಾಕ್ರೋಲಿಮಸ್ ಮೇಲಿರುವವರು. ಇವರು ಚಕ್ಕೋತ ಹಣ್ಣನ್ನೂ ಬಿಡಬೇಕು. ದೇವನಹಳ್ಳಿಯ ಚಕ್ಕೋತ ಎಷ್ಟೇ ಸಿಹಿಯಾಗಿದ್ದರೂ, ಆ ಜಾತಿಯ ಹಣ್ಣಿನ ಫ್ಯುರನೊಕೌಮರಿನ್‌ಗಳು ಔಷಧಿಯನ್ನು ಒಡೆಯುವ ಕಿಣ್ವವನ್ನು ತಡೆದು ರಕ್ತದಲ್ಲಿ ಔಷಧಿಯ ಮಟ್ಟ ಏರಿಸುತ್ತವೆ.
• ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಗರ್ಭಿಣಿಯರು, ಹಾಲೂಡಿಸುವವರು, ಲಿವರ್ ಕಾಯಿಲೆ ಇರುವವರು.
• ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಸೋಯಾ ಪದಾರ್ಥಕ್ಕೂ ಮಾತ್ರೆಗೂ ನಾಲ್ಕು ಗಂಟೆ ಅಂತರ ಇಡಬೇಕು.

ಮೆಣಸಿನ ಪೈಪರಿನ್ ಸೇರಿಸಿದ ಮಾತ್ರೆಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಂಡ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಕರ್ಕ್ಯುಮಿನ್ ರಕ್ತಕ್ಕೆ ಸೇರುವ ಪ್ರಮಾಣ ಮನುಷ್ಯರಲ್ಲಿ ಶೇ 2000ದಷ್ಟು ಹೆಚ್ಚಿತು. ಅಂದಿನಿಂದ ಹಲವು ಗಿಡಮೂಲಿಕೆ ಮಾತ್ರೆಗಳಿಗೆ ಪೈಪರಿನ್ ಬೆರೆಸುವುದು ವಾಡಿಕೆಯಾಗಿದೆ. ಅದೇ ಪೈಪರಿನ್ ಫೆನಿಟಾಯಿನ್, ಪ್ರೊಪ್ರನಲಾಲ್, ಥಿಯೋಫಿಲಿನ್‌ಗಳ ಮಟ್ಟವನ್ನೂ ಏರಿಸುತ್ತದೆ. ಮೂರ್ಛೆರೋಗಕ್ಕೆ ಫೆನಿಟಾಯಿನ್ ನುಂಗುವವರಿಗೆ ಇದು ಸಣ್ಣ ವಿಷಯ ಅಲ್ಲ. ಸಾರಿಗೆ ಹಾಕುವ ಮೆಣಸಿಗೆ ಹೆದರಬೇಡಿ, ಮಾತ್ರೆಯೊಳಗಿನ ಸಾಂದ್ರ ಪೈಪರಿನ್‌ಗೆ ಎಚ್ಚರವಿರಲಿ.

ಹಂತ 6: ಡಬ್ಬಿಯ ಹಿಂಬದಿ ಓದಿ

ಮುಂಬದಿಯ ದೊಡ್ಡಕ್ಷರ ಜಾಹೀರಾತು. ಹಿಂಬದಿಯಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆ ಇದೆಯೇ ನೋಡಿ. ಆಹಾರ ಪೂರಕವಾಗಿ ಮಾರುವ ಡಬ್ಬಿಯ ಮೇಲೆ "ಔಷಧೀಯ ಬಳಕೆಗಲ್ಲ" ಎಂಬರ್ಥದ ಇಂಗ್ಲಿಷ್ ಸಾಲು ಇರಲೇಬೇಕು. ಅದೇ ಡಬ್ಬಿ "ಸಂಧಿವಾತ ಗುಣವಾಗುತ್ತದೆ" ಎಂದೂ ಹೇಳುತ್ತಿದ್ದರೆ ವಾಪಸ್ ಇಟ್ಟುಬಿಡಿ.

ಮಿಲಿಗ್ರಾಂ ಲೆಕ್ಕದಲ್ಲಿ ಸೂಕ್ಷ್ಮವಿದೆ. ಕ್ವೆರ್ಸೆಟಿನ್ ಡೈಹೈಡ್ರೇಟ್ 500 ಮಿಲಿಗ್ರಾಂ ಎಂದಿದ್ದರೆ ನೀರಿನಂಶ ಕಳೆದು ಸಿಗುವ ಕ್ವೆರ್ಸೆಟಿನ್ ಸುಮಾರು 447 ಮಿಲಿಗ್ರಾಂ. ರೂಟಿನ್ 500 ಎಂದಿದ್ದರೆ ಅದರೊಳಗಿನ ಕ್ವೆರ್ಸೆಟಿನ್ ಹೆಚ್ಚುಕಡಿಮೆ ಅರ್ಧ, ಅದೂ ನಿಧಾನವಾಗಿ ಸೇರುವ ರೂಪ. "ಒಟ್ಟು ಫ್ಲೇವನಾಯ್ಡ್ ಶೇ 40" ಎಂದಷ್ಟೇ ಬರೆದಿದ್ದರೆ ಅದು ಸಾಮಾನ್ಯವಾಗಿ ಅಲ್ಯೂಮಿನಿಯಂ ಕ್ಲೋರೈಡ್ ಹಾಕಿ ಹಳದಿ ಬಣ್ಣದ ಗಾಢತೆ ಅಳೆದ ಅಂಕಿ. ಯಾವ ಫ್ಲೇವನಾಯ್ಡ್, ಎಷ್ಟು ಎಂಬುದು ಅದರಿಂದ ತಿಳಿಯುವುದಿಲ್ಲ. ಹತ್ತು ಮೂಲಿಕೆಗಳ ಹೆಸರು ಬರೆದು ಒಟ್ಟು ತೂಕ ಮಾತ್ರ ಕೊಟ್ಟ ಮಿಶ್ರಣ ಬೇಡ. ತೊಂದರೆಯಾದರೆ ಯಾವುದರಿಂದ ಎಂದು ಹುಡುಕಲು ವೈದ್ಯರಿಗೂ ಆಗುವುದಿಲ್ಲ.

ಗ್ರೀನ್ ಟೀ ಸಾರದ ಮಾತ್ರೆಯಾದರೆ ಇಜಿಸಿಜಿ ಎಂಬ ಕೆಟೆಚಿನ್ ಎಷ್ಟಿದೆ ನೋಡಿ. ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಮಾತ್ರೆಯ ಮೂಲಕ ತೆಗೆದುಕೊಂಡವರಲ್ಲಿ ಲಿವರ್ ಕಿಣ್ವಗಳು ಏರುವುದನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಗುರುತಿಸಿದೆ. ಖಾಲಿ ಹೊಟ್ಟೆಯಲ್ಲಂತೂ ನುಂಗಲೇಬೇಡಿ.

ಹಂತ 7: ಎರಡು ವಾರ ಬರೆಯಿರಿ, ಎಂಟು ವಾರ ನೋಡಿ

ಜನ ಹೊಸ ಮದ್ದು ಶುರುಮಾಡುವುದು ನೋವು ವಿಪರೀತವಾದ ದಿನ. ಉರಿಯೂತದ ನೋವು ಏರಿ ಇಳಿಯುವಂಥದ್ದು, ಮುಂದಿನ ವಾರ ತಾನಾಗಿಯೇ ತಗ್ಗುತ್ತದೆ. ಹೆಸರು ಮಾತ್ರ ಮಾತ್ರೆಗೆ ಬರುತ್ತದೆ. ಈ ಮೋಸ ತಪ್ಪಿಸಲು ಮಾತ್ರೆ ಇಲ್ಲದೆ ಮೊದಲ ಎರಡು ವಾರ ಬರೆದಿಡಿ. ದಿನವೂ ಒಂದೇ ಹೊತ್ತಿಗೆ ನಾಲ್ಕು ಅಂಕಿ ಸಾಕು: 0ರಿಂದ 10ರವರೆಗಿನ ಅಳತೆಯಲ್ಲಿ ಬೆಳಗಿನ ನೋವು, ಸಂಜೆಯ ನೋವು, ಬೆಳಗಿನ ಬಿಗಿತ ಎಷ್ಟು ನಿಮಿಷ, ಆ ದಿನ ನುಂಗಿದ ನೋವಿನ ಮಾತ್ರೆ ಎಷ್ಟು.

ಇದೇ ಅವಧಿಯಲ್ಲಿ ಲಿವರ್ ಸ್ಥಿತಿ ತಿಳಿಸುವ ಎಸ್‌ಜಿಪಿಟಿ, ಎಸ್‌ಜಿಒಟಿ ರಕ್ತಪರೀಕ್ಷೆ ಮಾಡಿಸಿ. ನಂತರ ವೈದ್ಯರು ಒಪ್ಪಿದ ಒಂದೇ ಒಂದು ಪೂರಕವನ್ನು ಊಟದ ಜೊತೆ ಶುರುಮಾಡಿ. ಅದೇ ವಾರ ಹೊಸ ಎಣ್ಣೆ, ಹೊಸ ವ್ಯಾಯಾಮ, ಹೊಸ ಪಥ್ಯ ಸೇರಿಸಬೇಡಿ, ಸೇರಿಸಿದರೆ ಫಲ ಯಾವುದರದೆಂದು ತಿಳಿಯುವುದಿಲ್ಲ. ಮೊದಲಿಂದ ಮಾಡುತ್ತಿದ್ದ ವ್ಯಾಯಾಮ ನಿಲ್ಲಿಸಲೂಬೇಡಿ. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಮತ್ತು ತೂಕ ಇಳಿಕೆಗೆ ಸವೆದ ಮಂಡಿಯ ವಿಚಾರದಲ್ಲಿ ಯಾವ ಫ್ಲೇವನಾಯ್ಡ್‌ಗಿಂತಲೂ ಗಟ್ಟಿ ಆಧಾರವಿದೆ.

ಎಂಟು ವಾರಗಳ ಕೊನೆಯಲ್ಲಿ ಕೊನೆಯ ಎರಡು ವಾರಗಳ ಸರಾಸರಿಯನ್ನು ಮೊದಲ ಎರಡು ವಾರಗಳ ಜೊತೆ ಹೋಲಿಸಿ. ಎರಡು ಅಂಕ ಅಥವಾ ಶೇ 30ರಷ್ಟು ಇಳಿದಿದ್ದರೆ ಮಾತ್ರ ಅದು ರೋಗಿಗೆ ನಿಜವಾಗಿ ಗೊತ್ತಾಗುವ ಇಳಿಕೆ. 6 ಇದ್ದದ್ದು 5.5 ಆದರೆ ಅದು ದಿನದಿನದ ಏರಿಳಿತ, 4ಕ್ಕೆ ಬಂದರೆ ಮಾತು ಬೇರೆ. ನೋವಿನ ಅಂಕಿ ಇಳಿದು, ನೋವಿನ ಮಾತ್ರೆಯ ಲೆಕ್ಕ ಏರಿದ್ದರೆ ಕೆಲಸ ಮಾಡಿದ್ದು ನೋವಿನ ಮಾತ್ರೆ. ಇಳಿದಿಲ್ಲವಾದರೆ ಡೋಸ್ ಹೆಚ್ಚಿಸಬೇಡಿ, ನಿಲ್ಲಿಸಿ.

ಹಂತ 8: ಯಾವಾಗ ತಕ್ಷಣ ನಿಲ್ಲಿಸಬೇಕು

ಸಸ್ಯಮೂಲ ಎಂದರೆ ತೊಂದರೆ ಇಲ್ಲ ಎನ್ನುವವರು ಅಮೆರಿಕದ ಲಿಂಬ್ರೆಲ್ ಪ್ರಕರಣ ತಿಳಿದಿರಬೇಕು. ಚೀನಾದ ಸ್ಕುಟೆಲೇರಿಯ ಬೇರಿನ ಬೈಕಾಲಿನ್, ನಮ್ಮ ವೀಳ್ಯಕ್ಕೆ ಹಾಕುವ ಕಾಚಿನ ಮರದ ಕೆಟೆಚಿನ್ ಸೇರಿಸಿ, ಮಂಡಿ ಸವೆತದವರಿಗೆಂದೇ ವೈದ್ಯರ ಮೇಲ್ವಿಚಾರಣೆಯ ಆಹಾರವಾಗಿ ಅದನ್ನು ಮಾರುತ್ತಿದ್ದರು. ಕೆಲವರಿಗೆ ಲಿವರ್ ಹಾನಿ, ಇನ್ನು ಕೆಲವರಿಗೆ ಶ್ವಾಸಕೋಶದ ಅಲರ್ಜಿಯ ಉರಿಯೂತ ಕಾಣಿಸಿಕೊಂಡಿತು. 2017ರ ನವೆಂಬರಿನಲ್ಲಿ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು, 2018ರ ಜನವರಿಯಲ್ಲಿ ಸರಕನ್ನು ಮಾರುಕಟ್ಟೆಯಿಂದ ವಾಪಸ್ ಪಡೆದರು.

ಆ ಪ್ರಕರಣದ ಲಕ್ಷಣಗಳೇ ನಿಮ್ಮ ಪಟ್ಟಿ: ಕಣ್ಣು ಹಳದಿಯಾಗುವುದು, ಮೂತ್ರ ಕಡು ಬಣ್ಣಕ್ಕೆ ತಿರುಗುವುದು, ಕಾರಣವಿಲ್ಲದ ಸುಸ್ತು, ವಾಕರಿಕೆ, ಹಸಿವಿಲ್ಲದಿರುವುದು, ಒಣಕೆಮ್ಮಿನ ಜೊತೆ ಜ್ವರ, ಏದುಸಿರು. ಇವುಗಳಲ್ಲಿ ಒಂದು ಕಂಡರೂ ಮಾತ್ರೆ ನಿಲ್ಲಿಸಿ, ಡಬ್ಬಿ ಮತ್ತು ನೋಟ್‌ಬುಕ್ ಎರಡನ್ನೂ ಹಿಡಿದು ವೈದ್ಯರ ಬಳಿ ಹೋಗಿ. ಖಾಲಿಯಾದ ಡಬ್ಬಿಯನ್ನೂ ಎಸೆಯಬೇಡಿ, ಬ್ಯಾಚ್ ಸಂಖ್ಯೆ ಅದರ ಮೇಲೆಯೇ ಇರುತ್ತದೆ. ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಅರಿವಳಿಕೆ ವೈದ್ಯರಿಗೆ ಈ ಪೂರಕದ ಹೆಸರನ್ನು ತಪ್ಪದೆ ಹೇಳಿ. ಔಷಧಿಯಿಂದ ಅಡ್ಡಪರಿಣಾಮವಾದರೆ ರೋಗಿಗಳೇ ನೇರವಾಗಿ ಭಾರತದ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ತಿಳಿಸಬಹುದು. ಕರೆ ಮಾಡುವಾಗ ಮಾತ್ರೆಯ ಹೆಸರು, ಬ್ಯಾಚ್ ಸಂಖ್ಯೆ, ಶುರುಮಾಡಿದ ದಿನಾಂಕ, ಲಕ್ಷಣ ಕಂಡ ದಿನಾಂಕ, ಜೊತೆಗೆ ತೆಗೆದುಕೊಳ್ಳುತ್ತಿದ್ದ ಬೇರೆ ಔಷಧಿಗಳ ಪಟ್ಟಿ ಕೈಯಲ್ಲಿರಲಿ.